ಈಜು ಬಲ್ಲಿರಾ? ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿ

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ನೀರು ಹೊಸದಲ್ಲ. ಶ್ರೀರಂಗಪಟ್ಟಣದ ಸುತ್ತಲೂ ಕಾವೇರಿಯೇ ಹರಿಯುತ್ತಾಳೆ. ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆ, ತೊಣ್ಣೂರು ಕೆರೆ, ಮೇಲುಕೋಟೆಯ ಕಲ್ಯಾಣಿ ಇವೆ. ಕೆ.ಆರ್. ಪೇಟೆಯವರಿಗೆ ಹೇಮಾವತಿ ಇದ್ದಾಳೆ. ನಾಗಮಂಗಲದ ಕಡೆ ನೀರು ಕಡಿಮೆ ಅಂದರೂ ಕೆರೆ ಕಟ್ಟೆಗಳುಂಟು; ಈಗಂತೂ ಹೊಲ ಹೊಲಕ್ಕೆ ಕೃಷಿ ಹೊಂಡ ಬಂದಿದೆ. ಬಟ್ಟೆ ಒಗೆಯಲು, ಹಬ್ಬದ ಸ್ನಾನಕ್ಕೆ, ಬಾಗಿನ ಬಿಡಲು, ದನಕ್ಕೆ ನೀರು ಕುಡಿಸಲು ನಾವು ಹೆಂಗಸರು ನೀರಿಗೆ ಇಳಿಯುತ್ತಲೇ ಇರುತ್ತೇವೆ.

ಆದರೆ ನಮ್ಮಲ್ಲಿ ಈಜು ಬರುವವರು ಎಷ್ಟು ಜನ? ನಿಮ್ಮ ಬೀದಿಯಲ್ಲಿ ಒಮ್ಮೆ ಕೇಳಿ ನೋಡಿ. ಗಂಡಸರಲ್ಲಿ ಅರ್ಧಕ್ಕರ್ಧ ಜನ "ಚಿಕ್ಕಂದಿನಲ್ಲೇ ನಾಲೇಲಿ ಈಸೋದು ಕಲಿತೆ" ಅನ್ನುತ್ತಾರೆ. ಹೆಂಗಸರು ನಕ್ಕು ಸುಮ್ಮನಾಗುತ್ತಾರೆ. ಗಂಡು ಹುಡುಗನ ಸೊಂಟಕ್ಕೆ ಬೆಂಡು ಕಟ್ಟಿಯೋ ಖಾಲಿ ಕ್ಯಾನು ಕಟ್ಟಿಯೋ ನೀರಿಗೆ ಬಿಟ್ಟ ಅಪ್ಪಂದಿರು, ಹೆಣ್ಣುಮಗುವಿಗೆ "ನೀರಿನ ಹತ್ತಿರ ಹೋಗಬೇಡ" ಅಂತ ಗದರಿ ಕೈತೊಳೆದುಕೊಂಡರು. ಹೋಗದೆ ಇರಲು ಆಗುವ ಊರೇ ಇದು?

ಎಲ್ಲೋ ಹತ್ತರಲ್ಲಿ ಒಬ್ಬಳು ಅಣ್ಣತಮ್ಮಂದಿರ ಜೊತೆ ಕದ್ದು ಕಲಿತವಳು ಇರುತ್ತಾಳೆ. ಪಾಂಡವಪುರ ತಾಲ್ಲೂಕಿನ ನಾಲೆ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ನಾನೂ ಅಂಥವಳೇ. ಎಸ್ಸೆಸ್ಸೆಲ್ಸಿಗೆ ಓದು ನಿಂತಿತು, ಮದುವೆಯಾಯಿತು, ಮಕ್ಕಳು ಬೆಳೆದರು. ನಲವತ್ತು ದಾಟಿದ ಮೇಲೆ ಈ ಈಜೇ ನನ್ನ ಕೈ ಹಿಡಿಯಿತು. ಈಗ ಬೇಸಿಗೆ ಬಂತೆಂದರೆ ಒಂದು ಈಜುಕೊಳದಲ್ಲಿ ಹೆಂಗಸರಿಗೂ ಮಕ್ಕಳಿಗೂ ಕಲಿಸುತ್ತೇನೆ. ನಾನು ಅಲ್ಲಿ ಸಂಬಳದ ನೌಕರಳಲ್ಲ, ಸ್ವಂತ ಲೆಕ್ಕದ ಶಿಕ್ಷಕಿ. ಈ ಕೆಲಸ ನಿಮಗೂ ಒದಗಬಹುದು. ಅದಕ್ಕೆ ಹೇಗೆ ಅರ್ಜಿ ಹಾಕಬೇಕು, ಏನು ಕೇಳಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಹೇಳುವುದಕ್ಕೇ ಈ ಲೇಖನ.

ಹೆಂಗಸರೇ ಏಕೆ ಕಲಿಸಬೇಕು?

ನಮ್ಮ ದೇಶದಲ್ಲಿ 2022ನೇ ಒಂದೇ ವರ್ಷ 38 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸತ್ತರೆಂದು ಸರ್ಕಾರದ ಅಪರಾಧ ದಾಖಲೆ ವಿಭಾಗದ ಲೆಕ್ಕ ಹೇಳುತ್ತದೆ. ನಮ್ಮ ಕಡೆಯವರಿಗೆ ಲೆಕ್ಕ ಬೇಡ, ನೆನಪೇ ಸಾಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಮುಳುಗಿದ ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಬಂದಿದ್ದರೂ ಉಳಿಯುತ್ತಿದ್ದರು ಅಂತ ಹೇಳಲಾರೆ. ಆದರೆ ಬಟ್ಟೆ ಒಗೆಯುವಾಗ ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಕಾಲು ಜಾರಿದವಳು, ಅವಳನ್ನು ಹಿಡಿಯಲು ಹೋದ ತಂಗಿ, ಅವಳ ಹಿಂದೆ ಹಾರಿದ ತಾಯಿ, ಹೀಗೆ ಒಂದೇ ಮನೆಯ ಮೂವರು ಹೋದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವಲ್ಲ, ಅಂಥ ಸಾವುಗಳಲ್ಲಿ ಹಲವನ್ನು ತಪ್ಪಿಸಬಹುದು.

2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನ ಕಡೆ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚಾಗಿ ಸತ್ತರು. ಹೆಂಗಸರಿಗೆ ಈಜು ಬಾರದ್ದು, ಮರ ಹತ್ತಲು ಬಾರದ್ದು, ಸೊಂಟದಲ್ಲಿ ಮಗು ಇದ್ದದ್ದು ಇವೆಲ್ಲ ಕಾರಣಗಳೆಂದು ಆಮೇಲೆ ಆಕ್ಸ್‌ಫ್ಯಾಮ್ ಸಂಸ್ಥೆ ವರದಿ ಮಾಡಿತು. ಅದೇ ಸುನಾಮಿಯ ನಂತರ ಕ್ರಿಸ್ಟಿನಾ ಫಾನ್‌ಫೆ ಎಂಬ ಬ್ರಿಟನ್ನಿನ ಈಜು ಶಿಕ್ಷಕಿ ಶ್ರೀಲಂಕಾದ ದಕ್ಷಿಣ ತೀರದಲ್ಲಿ ಹೆಣ್ಣುಮಕ್ಕಳಿಗೆ ಬಿಟ್ಟಿಯಾಗಿ ಈಜು ಕಲಿಸಲು ಶುರುಮಾಡಿದರು. ಕಲಿತವರಲ್ಲೇ ಕೆಲವರನ್ನು ಶಿಕ್ಷಕಿಯರನ್ನಾಗಿ ತಯಾರು ಮಾಡಿದರು. ಹೆಂಗಸು ಕಲಿಸಿದರೆ ಮನೆಯವರು ಹೆಣ್ಣುಮಕ್ಕಳನ್ನು ಕಳಿಸುತ್ತಾರೆ. ನಮ್ಮೂರಿನ ಮಾತೂ ಇದೇ. "ಮೇಷ್ಟ್ರು ಗಂಡಸಾದರೆ ಬೇಡ" ಎನ್ನುವ ಅತ್ತೆಯರು, ಗಂಡಂದಿರು ಇನ್ನೂ ಇದ್ದಾರೆ. ಅವರನ್ನು ಬೈದು ಫಲವಿಲ್ಲ. ಹೆಂಗಸರೇ ಕಲಿಸಿದರೆ ಆ ನೆಪ ಉಳಿಯುವುದಿಲ್ಲ.

ದೊಡ್ಡವರ ಉದಾಹರಣೆಯೂ ನಮ್ಮಲ್ಲೇ ಇದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಚಿಕ್ಕಂದಿನಲ್ಲಿ ನೀರಿನಲ್ಲಿ ಮುಳುಗುವ ಗಂಡಾಂತರದಿಂದ ಪಾರಾದವರು. ಸ್ಪರ್ಧೆ ಬಿಟ್ಟ ಮೇಲೆ ಅವರು ಬೆಂಗಳೂರಿನಲ್ಲಿ ತಮ್ಮದೇ ಈಜು ಶಾಲೆ ನಡೆಸಿದರು. ನಾವು ಒಲಿಂಪಿಕ್ಸಿಗೆ ಹೋದವರಲ್ಲ, ಸರಿ. ಆದರೆ ಹೆದರಿದ ಹೆಂಗಸನ್ನು ತೇಲುವ ಹಾಗೆ ಮಾಡಲು ಪದಕ ಬೇಕಿಲ್ಲ.

ಈಜು ಬಂದರೆ ಸಾಕೇ?

ಸಾಲದು. ತಾನು ಈಜುವುದೇ ಬೇರೆ, ಇನ್ನೊಬ್ಬರ ಪ್ರಾಣ ಕೈಯಲ್ಲಿ ಹಿಡಿದು ಕಲಿಸುವುದೇ ಬೇರೆ. ಅರ್ಜಿ ಹಾಕುವ ಮುಂಚೆ ನಿಮ್ಮನ್ನೇ ಪರೀಕ್ಷೆ ಮಾಡಿಕೊಳ್ಳಿ:

1. ನಿಲ್ಲದೆ ಕನಿಷ್ಠ 200 ಮೀಟರ್ ಈಜಲು ಆಗುತ್ತದೆಯೇ?
2. ಕಾಲಿಗೆ ನೆಲ ಸಿಗದ ಆಳದಲ್ಲಿ ಕೆಲವು ನಿಮಿಷ ನಿಂತಲ್ಲೇ ತೇಲಬಲ್ಲಿರಾ?
3. ಕೊಳದ ತಳದಲ್ಲಿರುವ ವಸ್ತುವನ್ನು ಮುಳುಗಿ ತರಬಲ್ಲಿರಾ?
4. ನಿಮ್ಮಷ್ಟೇ ತೂಕದವರನ್ನು ದಡದವರೆಗೆ ಎಳೆದು ತರಬಲ್ಲಿರಾ?

ನಾಲೆಯಲ್ಲಿ ಕಲಿತ ನಮ್ಮ ಈಜು ಗಟ್ಟಿಯಾದದ್ದೇ, ಆದರೆ ತಲೆ ಮೇಲೆತ್ತಿ ಹೊಡೆಯುವ ಈಜು. ಕೊಳದಲ್ಲಿ ಕಲಿಸಬೇಕಾದರೆ ಮುಖ ನೀರಿನಲ್ಲಿಟ್ಟು ಪಕ್ಕಕ್ಕೆ ತಿರುಗಿಸಿ ಉಸಿರು ತೆಗೆಯುವ ಕ್ರಮ ಬರಬೇಕು. ಮೈಸೂರಿನಲ್ಲಿ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳವಿದೆ, ಚಾಮುಂಡಿ ವಿಹಾರದ ಕೊಳವಿದೆ. ಶ್ರೀರಂಗಪಟ್ಟಣದವರಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ನಾಗಮಂಗಲ, ಕೆ.ಆರ್. ಪೇಟೆಯವರು ಮಂಡ್ಯದಲ್ಲೂ ವಿಚಾರಿಸಬಹುದು. ಒಂದು ತಿಂಗಳು ಶಿಷ್ಯೆಯಾಗಿ ಸೇರಿ, ಅಲ್ಲಿನ ಶಿಕ್ಷಕರು ಹೇಗೆ ಕಲಿಸುತ್ತಾರೆ ಅಂತ ಕಣ್ಣಿಟ್ಟು ನೋಡಿ.

ಪ್ರಮಾಣಪತ್ರ ಇದ್ದರೆ ಅರ್ಜಿಗೆ ತೂಕ ಬರುತ್ತದೆ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಜನರ ಬಾಯಲ್ಲಿ ಎನ್.ಐ.ಎಸ್., ಆರು ವಾರಗಳ ಸರ್ಟಿಫಿಕೇಟ್ ಕೋರ್ಸು ನಡೆಸುತ್ತದೆ. ಅದಕ್ಕೆ ಯಾರು ಸೇರಬಹುದು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಅದು ದೂರದ ಮಾತು ಅನ್ನಿಸಿದರೆ ಪ್ರಥಮ ಚಿಕಿತ್ಸೆಯ ತರಬೇತಿಯನ್ನಾದರೂ ಮೊದಲು ಪಡೆಯಿರಿ. ಸೇಂಟ್ ಜಾನ್ ಆಂಬುಲೆನ್ಸ್, ರೆಡ್ ಕ್ರಾಸ್ ಸಂಸ್ಥೆಗಳು ಇದನ್ನು ಕಲಿಸುತ್ತವೆ. ಇದಿಲ್ಲದೆ ಮಾತ್ರ ಯಾರಿಗೂ ಕಲಿಸಲು ಇಳಿಯಬೇಡಿ.

ಸಂಬಳದ ಕೆಲಸವೋ, ಸ್ವಂತ ಕೆಲಸವೋ?

ಈಜುಕೊಳದವರು ಶಿಕ್ಷಕಿಯನ್ನು ಎರಡು ರೀತಿ ಇಟ್ಟುಕೊಳ್ಳುತ್ತಾರೆ. ಒಂದು, ತಿಂಗಳ ಸಂಬಳ. ಹೇಳಿದ ಹೊತ್ತಿಗೆ ಬರಬೇಕು, ಹೇಳಿದಷ್ಟು ಜನಕ್ಕೆ ಕಲಿಸಬೇಕು. ಇನ್ನೊಂದು, ಸ್ವಂತ ಲೆಕ್ಕದ ಕೆಲಸ. ಕೊಳ ಅವರದು, ಕಲಿಸುವುದು ನಿಮ್ಮದು, ಬಂದ ಶುಲ್ಕದಲ್ಲಿ ಇಬ್ಬರಿಗೂ ಪಾಲು. ಇಲ್ಲವೇ ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟು ಉಳಿದದ್ದೆಲ್ಲ ನೀವೇ ಇಟ್ಟುಕೊಳ್ಳುವುದು.

ಮನೆ, ಮಕ್ಕಳು, ಹಸು, ಹಬ್ಬ ಎಲ್ಲವನ್ನೂ ತೂಗಿಸಿಕೊಂಡು ಹೋಗುವ ನಮಗೆ ಎರಡನೆಯದೇ ಅನುಕೂಲ. ಬೆಳಗಿನ ತಿಂಡಿ ಮುಗಿಸಿ ಹತ್ತೂವರೆಯಿಂದ ಹನ್ನೆರಡರವರೆಗೆ ಒಂದು ಬ್ಯಾಚು ಇಟ್ಟುಕೊಂಡರೆ ಮಧ್ಯಾಹ್ನದ ಸಾರಿಗೆ ಮನೆಯಲ್ಲಿರಬಹುದು. ಆದರೆ ಇದರ ಇನ್ನೊಂದು ಮುಖವೂ ತಿಳಿದಿರಲಿ. ರಜೆ ಮಾಡಿದ ದಿನ ದುಡ್ಡಿಲ್ಲ. ಪಿ.ಎಫ್., ಇ.ಎಸ್.ಐ. ಯಾವುದೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೂಕುನುಗ್ಗಲು. ಮಳೆ ಹಿಡಿದರೆ ಕೊಳ ಖಾಲಿ. ಹಾಗಾಗಿ ಬೇಸಿಗೆಯ ದುಡ್ಡನ್ನು ವರ್ಷಕ್ಕೆ ಹಂಚಿಕೊಂಡು ನಡೆಯಬೇಕು.

ಸ್ವಂತ ಕೆಲಸದವರು ಮೂರು ಸಣ್ಣ ಏರ್ಪಾಡು ಮಾಡಿಕೊಳ್ಳಿ. ಮೊದಲನೆಯದು, ನಿಮ್ಮ ಹೆಸರಿನಲ್ಲೇ ಬ್ಯಾಂಕ್ ಖಾತೆ. ಎರಡನೆಯದು, ಅದೇ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ ರೂಪಾಯಿ ಬರುತ್ತದೆ. ಮೂರನೆಯದು, ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ. ಸರ್ಕಾರ ಇದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ದಲ್ಲಾಳಿಗಳಿಗೆ ದುಡ್ಡು ಸುರಿಯಬೇಡಿ.

ಅರ್ಜಿ ಹೀಗಿರಲಿ

ಪತ್ರಿಕೆಯಲ್ಲಿ "ಈಜು ಶಿಕ್ಷಕಿ ಬೇಕಾಗಿದ್ದಾರೆ" ಎಂಬ ಜಾಹೀರಾತು ಬರುವವರೆಗೆ ಕಾಯುತ್ತ ಕೂರಬೇಡಿ. ನಮ್ಮಂಥ ಊರುಗಳಲ್ಲಿ ಅದು ಬರುವುದೇ ಅಪರೂಪ. ಕೊಳವಿರುವ ಶಾಲೆ, ಕ್ಲಬ್ಬು, ರೆಸಾರ್ಟು, ಕ್ರೀಡಾಂಗಣಗಳಿಗೆ ನೀವೇ ಬರೆಯಿರಿ. ಬೇಸಿಗೆ ಶಿಬಿರಕ್ಕೆ ಜನವರಿ, ಫೆಬ್ರವರಿಯಲ್ಲೇ ಕೊಟ್ಟರೆ ಒಳ್ಳೆಯದು. ಒಂದು ಪುಟ ಮೀರದಿರಲಿ. ಮಾದರಿಗೆ ಹೀಗೆ:

*ಗೆ,*
*ವ್ಯವಸ್ಥಾಪಕರು,*
*(ಈಜುಕೊಳದ ಹೆಸರು, ಊರು)*

*ಮಾನ್ಯರೇ,*

*ವಿಷಯ: ತಮ್ಮ ಈಜುಕೊಳದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಸ್ವಂತ ಜವಾಬ್ದಾರಿಯಲ್ಲಿ ಈಜು ಕಲಿಸಲು ಅವಕಾಶ ಕೋರಿ.*

*ನಾನು ಶ್ರೀರಂಗಪಟ್ಟಣದ ನಿವಾಸಿ. ನಿಲ್ಲದೆ 400 ಮೀಟರ್ ಈಜಬಲ್ಲೆ. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆದಿದ್ದೇನೆ, ಪ್ರತಿ ಲಗತ್ತಿಸಿದೆ. ತಮ್ಮ ಕೊಳದಲ್ಲಿ ಬೆಳಗ್ಗೆ 10.30ರಿಂದ 12ರವರೆಗೆ ಜನ ಕಡಿಮೆ ಎಂದು ತಿಳಿದುಬಂದಿದೆ. ಆ ಹೊತ್ತಿನಲ್ಲಿ ಮಹಿಳೆಯರಿಗಾಗಿಯೇ 21 ದಿನಗಳ ತರಗತಿ ನಡೆಸಲು ಇಚ್ಛಿಸುತ್ತೇನೆ. ಒಂದು ತರಗತಿಗೆ ಹತ್ತು ಜನರಿಗಿಂತ ಹೆಚ್ಚು ಸೇರಿಸುವುದಿಲ್ಲ; ಜೊತೆಗೆ ಒಬ್ಬ ಸಹಾಯಕಿ ಇರುತ್ತಾರೆ. ಶುಲ್ಕದ ಪಾಲು, ಹೊತ್ತು, ಜವಾಬ್ದಾರಿಗಳ ಬಗ್ಗೆ ಖುದ್ದಾಗಿ ಮಾತಾಡಲು ದಿನ ತಿಳಿಸಬೇಕೆಂದು ಕೋರುತ್ತೇನೆ. ತಾವು ಬಯಸಿದರೆ ತಮ್ಮ ಎದುರಿನಲ್ಲಿ ಈಜಿ ತೋರಿಸಲು, ಒಂದು ತರಗತಿ ನಡೆಸಿ ತೋರಿಸಲು ಸಿದ್ಧಳಿದ್ದೇನೆ.*

*ಇಂತಿ ತಮ್ಮ ವಿಶ್ವಾಸಿ,*
*(ಸಹಿ, ವಿಳಾಸ, ಫೋನು)*

ಇದರಲ್ಲಿ "ಬಡವಳು, ದಯಮಾಡಿ ಕೆಲಸ ಕೊಡಿ" ಎಂಬ ಮಾತೇ ಇಲ್ಲ, ಗಮನಿಸಿದಿರಾ? ಖಾಲಿ ಬಿದ್ದಿರುವ ಹೊತ್ತಿನಲ್ಲಿ ಅವರ ಕೊಳಕ್ಕೆ ನೀವು ಜನ ತರುತ್ತೀರಿ. ಅದು ಅವರಿಗೂ ಲಾಭವೇ. ಹಾಗೆಂದು ಇಲ್ಲದ ಯೋಗ್ಯತೆ ಬರೆಯಬೇಡಿ. 400 ಮೀಟರ್ ಆಗದಿದ್ದರೆ ಆಗುವಷ್ಟನ್ನೇ ಬರೆಯಿರಿ.

ನಾನು ಮೊದಲು ಹೋದ ಒಂದು ಕಡೆ "ಯಜಮಾನರು ಬರಲಿಲ್ಲವಾ?" ಅಂತ ಕೇಳಿದರು. "ಈಜು ಕಲಿಸುವವಳು ನಾನು, ನೀರಿಗೆ ಇಳಿಯುವವಳೂ ನಾನೇ" ಎಂದೆ. ಆ ಕೊಳದಲ್ಲಿ ಕೆಲಸ ಸಿಗಲಿಲ್ಲ. ಮೂರನೆಯ ಕೊಳದಲ್ಲಿ ಸಿಕ್ಕಿತು.

ಒಪ್ಪುವ ಮುನ್ನ ಕೇಳಿ

ಕೆ.ಆರ್. ಪೇಟೆಯ ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಎರಡು ತಿಂಗಳು ಕಲಿಸಿದಳು. ಎಲ್ಲ ಬಾಯಿಮಾತು. ಕೊನೆಗೆ ಕೈಗೆ ಬಂದದ್ದು ಮಾತಾಡಿದ್ದರ ಅರ್ಧ, ಅದೂ ದಸರಾ ಹೊತ್ತಿಗೆ. ಆದ್ದರಿಂದ ಒಂದು ಹಾಳೆಯಲ್ಲಾದರೂ ಬರೆದು ಇಬ್ಬರೂ ಸಹಿ ಹಾಕಿ. ಇವಿಷ್ಟು ಅದರಲ್ಲಿರಲಿ:

* ಶುಲ್ಕ ಯಾರು ವಸೂಲಿ ಮಾಡುತ್ತಾರೆ? ನಿಮ್ಮ ಪಾಲು ಎಷ್ಟು, ಯಾವ ದಿನ ಕೈಗೆ ಬರುತ್ತದೆ?
* ನೀರು ಕೆಟ್ಟು ಕೊಳ ಮುಚ್ಚಿದರೆ ಆ ದಿನಗಳ ಲೆಕ್ಕ ಏನು?
* ನೀವು ಕಲಿಸುವಾಗ ಕೊಳದ ಕಡೆಯಿಂದ ಜೀವರಕ್ಷಕರು ಇರುತ್ತಾರೆಯೇ?
* ಉದ್ದನೆಯ ಕೋಲು, ಹಗ್ಗ ಕಟ್ಟಿದ ಟ್ಯೂಬು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಯೇ?
* ಆಳ ಎಷ್ಟೆಂದು ಗೋಡೆಯ ಮೇಲೆ ಬರೆದಿದೆಯೇ?
* ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಉಂಟೇ? ಹೆಂಗಸರ ಹೊತ್ತಿನಲ್ಲಿ ಕೊಳದ ಬಳಿ ಮೊಬೈಲು ತರದಂತೆ ನಿಯಮ ಮಾಡುತ್ತಾರೆಯೇ?

ಕೊನೆಯ ಎರಡಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಎಷ್ಟು ದುಡ್ಡು ಕೊಟ್ಟರೂ ಬೇಡವೆನ್ನಿ.

ದುಡ್ಡಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಿಮ್ಮೂರಿನ ದರ ಬೇರೆ ಇರಬಹುದು. ತಲೆಗೆ 2,000 ರೂಪಾಯಿಯಂತೆ ಹತ್ತು ಜನ ಸೇರಿದರೆ 20,000. ಕೊಳದವರ ಪಾಲು ನೂರಕ್ಕೆ 40 ಅಂದರೆ 8,000 ಹೋಯಿತು. ಸಹಾಯಕಿಗೆ 4,000. ನಿಮ್ಮ ಈಜುಡುಗೆ, ಟೋಪಿ, ತೇಲುವ ಹಲಗೆಗಳಿಗೆ ಮೊದಲ ಸಲ 2,000 ಹಿಡಿಯಿರಿ. 21 ದಿನಕ್ಕೆ ಉಳಿಯುವುದು 6,000. ಎರಡು ಬ್ಯಾಚಾದರೆ ಸುಮಾರು ಎರಡರಷ್ಟು. ಇದರಿಂದ ಶ್ರೀಮಂತರಾಗುವುದಿಲ್ಲ ನಿಜ. ಆದರೆ ಮಗಳ ಕಾಲೇಜು ಫೀಜಿಗೆ ಯಾರ ಮುಂದೆಯೂ ಕೈಚಾಚದೆ ಎಣಿಸಿ ಕೊಟ್ಟ ದಿನ ಆಗುವ ಸಮಾಧಾನವೇ ಬೇರೆ.

ಏನು ಕಲಿಸಬೇಕು?

ಮೊದಲ ಮೂರು ದಿನ ಈಜಿನ ಹೆಸರೇ ಎತ್ತಬೇಡಿ. ಎದೆಮಟ್ಟದ ನೀರಿನಲ್ಲಿ ನಡೆಯುವುದು, ಕಂಬಿ ಹಿಡಿದು ಬಾಯಿಂದ ಗುಳ್ಳೆ ಬಿಡುವುದು, ಕಾಲು ಬಡಿಯುವುದು, ಅಷ್ಟೆ. ನಂತರ ಅಂಗಾತ ತೇಲುವುದು. ಹೆದರಿದ ಮೈ ಬಿಗಿಯುತ್ತದೆ, ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ. ಕಿವಿ ನೀರಿನಲ್ಲಿ ಮುಳುಗುವ ಹಾಗೆ ತಲೆ ಹಿಂದಕ್ಕೆ ಬಿಟ್ಟರೆ ನೀರೇ ಎತ್ತಿ ಹಿಡಿಯುತ್ತದೆ. ತಲೆಯ ಕೆಳಗೆ ನಿಮ್ಮ ಅಂಗೈ ಇರಲಿ, ಹೇಳದೆ ತೆಗೆಯಬೇಡಿ. ಒಮ್ಮೆ ನಂಬಿಕೆ ಹೋದರೆ ಅವರು ಮತ್ತೆ ಬರುವುದಿಲ್ಲ.

ಬಟ್ಟೆಯ ವಿಷಯಕ್ಕೆ ನಾಚಿಕೆ ಬೇಡ. ತೋಳು, ಕಾಲು ಪೂರ್ತಿ ಮುಚ್ಚುವ ನೈಲಾನ್ ಈಜುಡುಗೆ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿಯ ಚೂಡಿದಾರ ನೀರು ಹೀರಿ ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಇಳಿಯಬಾರದು ಅಂತ ಮೊದಲೇ ಹೇಳಿಬಿಡಿ.

ಬಾಂಗ್ಲಾದೇಶದಲ್ಲಿ ಹಳ್ಳಿಯ ಕೊಳಗಳಲ್ಲೇ ಬಿದಿರಿನ ಕಟ್ಟೆ ಕಟ್ಟಿ ಸ್ವಿಮ್‌ಸೇಫ್ ಎಂಬ ಯೋಜನೆಯಲ್ಲಿ ಮಕ್ಕಳಿಗೆ ಈಜು ಕಲಿಸಿದರು. 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು, ಮುಳುಗುವವರಿಗೆ ದಡದಿಂದಲೇ ಏನಾದರೂ ಚಾಚಿ ಎಳೆಯಬೇಕು: ಇವಿಷ್ಟು ಬಂದರೆ ಪಾಸು. ನಾನೂ ಇದೇ ಗುರಿ ಇಟ್ಟುಕೊಂಡಿದ್ದೇನೆ. ಆದರೆ ಹರಿಯುವ ನಾಲೆಯಲ್ಲಿ, ಹೊಳೆಯಲ್ಲಿ ಪಾಠ ಇಟ್ಟುಕೊಳ್ಳಬೇಡಿ. ಕನ್ನಂಬಾಡಿಯಿಂದ ನೀರು ಬಿಟ್ಟಾಗ ಹೊಳೆ ಹೇಗೆ ಏರುತ್ತದೆಂದು ನಮಗೆ ಗೊತ್ತಿಲ್ಲವೇ?

ದಡದ ಪಾಠವನ್ನು ಮಾತ್ರ ಮರೆಯದೆ ಮಾಡಿ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ; ಕೂಗಿ, ಚಾಚಿ, ಎಸೆಯಿರಿ. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ನಾಲ್ವರು ಹುಡುಗರು ಮುಳುಗುತ್ತಿದ್ದಾಗ ಸೆಂತಮಿಳ್ ಸೆಲ್ವಿ, ಮುತ್ತಮ್ಮಾಳ್, ಆನಂದವಲ್ಲಿ ಎಂಬ ಮೂವರು ಹೆಂಗಸರು ಉಟ್ಟಿದ್ದ ಸೀರೆ ಬಿಚ್ಚಿ ಎಸೆದು ಇಬ್ಬರನ್ನು ಎಳೆದು ಉಳಿಸಿದರು. ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ಮಾನಕ್ಕಿಂತ ಪ್ರಾಣ ದೊಡ್ಡದೆಂದು ಆ ಕ್ಷಣದಲ್ಲಿ ತಿಳಿದವರು ಅವರು. ನಾಗಮಂಗಲದ ಕಡೆಯವರಿಗೆ ಇನ್ನೊಂದು ಮಾತು: ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಈಜು ಬಲ್ಲವರೂ ಹತ್ತಲಾರರು. ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಿ.

ಎತ್ತಿದ ಮೇಲೆ ಹೊಟ್ಟೆ ಹಿಸುಕುವುದು, ತಲೆಕೆಳಗಾಗಿ ತೂಗುವುದು, ಗಿರಗಿರ ತಿರುಗಿಸುವುದು ಬೇಡ. ಅದರಿಂದ ಹೊತ್ತು ಹಾಳಷ್ಟೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು, ಹೀಗೆ 108ರ ಆಂಬುಲೆನ್ಸ್ ಬರುವವರೆಗೆ ಬಿಡದೆ ಮಾಡಬೇಕು. ಇದನ್ನು ಓದಿ ಕಲಿಯಲಾಗದು. ತರಬೇತಿ ಬೇಕು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಮನೆಯವರು ಏನಂದಾರು?

ಏನಾದರೂ ಅಂದೇ ಅನ್ನುತ್ತಾರೆ. "ಈ ವಯಸ್ಸಿನಲ್ಲಿ ನೀರಾಟವೇ?" ಎಂದು ನಮ್ಮ ಅತ್ತೆಯೂ ಕೇಳಿದ್ದರು. ಅವರೊಡನೆ ವಾದ ಮಾಡಲಿಲ್ಲ. ಒಂದು ದಿನ ಕೊಳದ ಬಳಿಗೆ ಕರೆದುಕೊಂಡು ಹೋಗಿ ನೆರಳಿನಲ್ಲಿ ಕೂರಿಸಿದೆ. ಅಂದು ನನ್ನ ಬ್ಯಾಚಿನಲ್ಲಿ ಐವತ್ತರ ಹತ್ತಿರದ ಒಬ್ಬ ಅಕ್ಕ ಇದ್ದರು. ಅವರ ತಂಗಿ ಬಟ್ಟೆ ಒಗೆಯಲು ಹೋಗಿ ನಾಲೆ ಪಾಲಾದವಳು. ಎಂಟು ದಿನ ಈ ಅಕ್ಕ ಮುಖಕ್ಕೆ ನೀರು ತಾಗಿಸಲಿಲ್ಲ, ಕಂಬಿ ಬಿಡಲಿಲ್ಲ. ಒಂಬತ್ತನೆಯ ದಿನ ಕೈ ಬಿಟ್ಟು ತೇಲಿದರು. ಮೇಲೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತರು. "ಅವಳಿಗೂ ಯಾರಾದ್ರೂ ಇಷ್ಟು ಹೇಳಿಕೊಟ್ಟಿದ್ರೆ..." ಅಂದರು. ನಮ್ಮತ್ತೆ ಮನೆಗೆ ಬಂದ ಮೇಲೆ ಮೊಮ್ಮಗಳ ಹೆಸರನ್ನು ನನ್ನ ಪಟ್ಟಿಗೆ ಅವರೇ ಬರೆಸಿದರು.

ಸೋದರಿಯರೇ, ಹೊಲಿಗೆ ಬಲ್ಲವಳು ಹೊಲಿಗೆ ಕಲಿಸುತ್ತಾಳೆ, ಸಂಗೀತ ಬಲ್ಲವಳು ಸಂಗೀತ ಕಲಿಸುತ್ತಾಳೆ. ಈಜು ಬಲ್ಲವಳು ಮಾತ್ರ ಯಾಕೆ ಸುಮ್ಮನಿರಬೇಕು? ಮುಂದಿನ ಬೇಸಿಗೆಗೆ ಇನ್ನೂ ಹೊತ್ತಿದೆ. ಮೊದಲು ಪ್ರಥಮ ಚಿಕಿತ್ಸೆ ಕಲಿಯಿರಿ, ನಿಮ್ಮ ಈಜನ್ನು ತಿದ್ದಿಕೊಳ್ಳಿ, ಹತ್ತಿರದ ಕೊಳ ಯಾವ ಹೊತ್ತಿನಲ್ಲಿ ಖಾಲಿ ಇರುತ್ತದೆ ಅಂತ ವಿಚಾರಿಸಿ. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಅರ್ಜಿ ಬರೆಯಿರಿ. ಒಬ್ಬರು ಬೇಡವೆಂದರೆ ಇನ್ನೊಬ್ಬರಿಗೆ ಕೊಡಿ. ಈಜು ಬಾರದವರು ನಿಮ್ಮ ಮಗಳನ್ನೂ ಕರೆದುಕೊಂಡು ಕಲಿಯಲು ಬನ್ನಿ. ನಮಗೂ ಶಿಷ್ಯೆಯರು ಬೇಕಲ್ಲವೇ?